ಹಲ್ಲಿ ನುಡಿದ ಸಾಕ್ಷಿ

ಕಾಮಿಕ್ಸ್ ಪುಸ್ತಕದ ತುಂಟ ಮೊಲ ಕಾರ್ಟೂನ್ ಸಿನಿಮಾದಲ್ಲಿ ಬಂದಿದೆಯೆಂದು ಕೇಳಿ ಇಲಿಯಮ್ಮ ಮರಿಗಳನ್ನು ಕಟ್ಟಿಕೊಂಡು ಟಾಕೀಸಿಗೆ ಬಂದಳು. ಬೆಳಗಿನ ಆಟ ನೋಡಿ ಹೊರಬಂದ ಗೆದ್ದಲು, "ಇಡೀ ಪುಸ್ತಕ ತಿಂದವನು ನಾನು. ಆ ರುಚಿ ಇದಕ್ಕೆಲ್ಲಿ?" ಎಂದು ಮೂಗು ಮುರಿಯಿತು. ಗೋಡೆಯ ಹಲ್ಲಿ ಲೊಚಗುಟ್ಟಿತು.

"ಹಲ್ಲಿ ನುಡಿಯಿತು, ಸತ್ಯವೇ! ನಡೀರಿ ಮನೆಗೆ!" ಎಂದಳು ಇಲಿಯಮ್ಮ. ಮರಿಗಳು ರಾಗ ತೆಗೆದವು.

ಅಷ್ಟರಲ್ಲಿ ಅಳಿಲು, "ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು!" ಎನ್ನುತ್ತ ಟಾಕೀಸಿನಿಂದ ಹೊರಬಂದಿತು. ಹಲ್ಲಿ ಮತ್ತೆ ಲೊಚಗುಟ್ಟಿತು.

ಇಲಿಯಮ್ಮ ತಬ್ಬಿಬ್ಬಾದಳು. "ಹಲ್ಲಿಯಣ್ಣ, ಎರಡೂ ಹೇಗೆ ಸತ್ಯ? ಸಿನಿಮಾ ನೋಡಿದೆಯಾ?"

"ನನಗೆಲ್ಲಿ ಪುರುಸೊತ್ತು ತಾಯಿ? ಎರಡು ಸಲವೂ ನೊಣ ತಪ್ಪಿಸಿಕೊಂಡಿತು, ಅದಕ್ಕೆ ಲೊಚಗುಟ್ಟಿದೆ."

ಇಲಿಯಮ್ಮ ತಿರುಗಿದರೆ ಮರಿಗಳೇ ಇಲ್ಲ. ಟಾಕೀಸಿನ ಒಳಗಿಂದ ಅವುಗಳ ನಗು ಕೇಳುತ್ತಿತ್ತು. ಹಲ್ಲಿ ಮೂರನೆಯ ಸಲ ಲೊಚಗುಟ್ಟುವಷ್ಟರಲ್ಲಿ ಇಲಿಯಮ್ಮನೂ ಒಳಗಿದ್ದಳು.