ಬರಿಗೈ ಕುರ್ವೆ

ನಮ್ಮ ಬಂದರಿನಿಂದ ದೋಣಿಯಲ್ಲಿ ಎರಡು ತಾಸು ಪಡುವಣಕ್ಕೆ ಹೋದರೆ, ಕಡಲ ನಡುವೆ ಆನೆ ಮಲಗಿದ ಹಾಗೆ ಒಂದು ಕುರ್ವೆ, ಅಂದರೆ ನಡುಗಡ್ಡೆ, ಕಾಣುತ್ತದೆ. ಅದರ ನೆತ್ತಿಯ ಮೇಲೆ ಆಲದ ಜಾತಿಯ ಗೋಳಿಮರಗಳು. ಆ ಮರಗಳಲ್ಲಿ ದೊಡ್ಡ ದೊಡ್ಡ ಬಿಳಿ ಪಾರಿವಾಳಗಳು, ರೆಕ್ಕೆಯ ತುದಿಗೆ ಮಾತ್ರ ಕಾಡಿಗೆ ಹಚ್ಚಿದಂತೆ. ಇಂಥ ಹಕ್ಕಿಯನ್ನು ನಮ್ಮವರು ಬೇರೆಲ್ಲೂ ಕಂಡಿಲ್ಲ. ವರ್ಷಕ್ಕೆ ಅದು ಇಡುವುದು ಒಂದೇ ಮೊಟ್ಟೆ.

ಹಿಂದೆ ಒಮ್ಮೆ, ದೀಪಸ್ತಂಭವಿಲ್ಲದ ಕಾಲದಲ್ಲಿ, ಮಂಜು ಕವಿದರೆ ಹಿರಿಯರು ಹುಟ್ಟು ನಿಲ್ಲಿಸಿ ಕಿವಿಗೊಡುತ್ತಿದ್ದರಂತೆ. ಆ ಹಕ್ಕಿಗಳ 'ಹೂಂ... ಹೂಂ...' ಕೇಳಿಬಂದ ಕಡೆಗೆ ದೋಣಿ ತಿರುಗಿಸಿದರೆ ಜೀವ ಉಳಿಯಿತು ಎಂದೇ ಲೆಕ್ಕ. ಹಾಗೆ ಉಳಿದವರು ಕುರ್ವೆಯ ಜಟಕ ದೇವರಿಗೆ ಒಂದು ಆಡನ್ನು ಜೀವಂತ ಬಿಟ್ಟು ಬರುತ್ತಿದ್ದರು. ಹರಕೆಯ ಆಡನ್ನು ಯಾರೂ ಮುಟ್ಟುವಂತಿಲ್ಲವಲ್ಲ, ಅವು ಹೆಚ್ಚುತ್ತಲೇ ಹೋದವು. ಗೋಳಿಯ ಒಂದು ಸಸಿಯನ್ನೂ ಏಳಗೊಡಲಿಲ್ಲ. ಮುದಿಮರಗಳು ಗಾಳಿಗೆ ಉರುಳಿದವು. ತಿನ್ನಲು ಹಣ್ಣಿಲ್ಲದೆ ಹಕ್ಕಿಗಳೂ ಕರಗಿದವು.

ಆಗ ಸಣ್ಣಿ ಎಂಬ, ಮೀನು ಹಿಡಿಯುವ ಹರಿಕಂತರ ಹೆಂಗಸಿನ ಗಂಡ ಹೊನ್ನಪ್ಪ ಮಂಜಿನಲ್ಲಿ ಸಿಕ್ಕಿ ಮೂರನೆಯ ದಿನ ಬಂದ. "ಒಂದೇ ದನಿ ಕೇಳಿತು ಮಾರಾಯ್ತಿ, ಅದೂ ಆಗೀಗ" ಎಂದ. ಸಣ್ಣಿ ಹರಕೆಯ ಆಡನ್ನು ಎತ್ತಿಕೊಂಡು, ಅವನನ್ನೂ ಜಟಕನ ಪೂಜೆ ಮಾಡುವ ಗುನಗನನ್ನೂ ಕರೆದುಕೊಂಡು ಕುರ್ವೆಗೆ ಹೋದಳು. ಉಳಿದಿದ್ದದ್ದು ಒಂದೇ ಗೋಳಿ. ಆಡುಗಳಿಗೆ ಎಟುಕುವಷ್ಟೂ ಎತ್ತರಕ್ಕೆ ಅದರ ತೊಗಟೆ ಸುಲಿದುಹೋಗಿತ್ತು. ಮೇಲೆ ಒಂದು ಜೋಡಿ, ಗೂಡಿನಲ್ಲಿ ಆ ವರ್ಷದ ಮೊಟ್ಟೆ.

"ಇಳಿಸು ಸಣ್ಣಿ. ಹರಕೆ ತಪ್ಪಿದರೆ ಕಡಲು ನಿನ್ನ ಗಂಡನನ್ನು ವಾಪಸ್ ಕೇಳುತ್ತದೆ" ಎಂದ ಗುನಗ.

"ಇಳಿಸಿದರೆ ಇದೂ ಆ ಮರ ತಿನ್ನುತ್ತದೆ ಗುನಗಣ್ಣ. ಆಮೇಲೆ ಮಂಜಿನಲ್ಲಿ ಇವರನ್ನು ಕರೆಯುವವರು ಯಾರು, ನೀವೋ?"

"ಗುನಗಣ್ಣನ ಗೊರಕೆ ಇಲ್ಲಿಯವರೆಗೂ ಕೇಳುತ್ತದೆ ಬಿಡು" ಎಂದ ಹೊನ್ನಪ್ಪ. ಆದರೆ ಅವನ ಮುಖ ಬಿಳಿಚಿತ್ತು.

ಸಣ್ಣಿ ಆಡನ್ನು ದೋಣಿಯಲ್ಲಿ ಕಟ್ಟಿ ಬಂದು, ಎರಡು ಬರಿಗೈಗಳನ್ನು ಜಟಕನ ಕಲ್ಲಿನ ಮೇಲಿಟ್ಟಳು. "ಅಪ್ಪಾ, ಇದೇ ನನ್ನ ಹರಕೆ. ತಪ್ಪಾದರೆ ನನ್ನನ್ನು ಕೇಳು, ಅವರನ್ನು ಬಿಡು." ಗಂಡಹೆಂಡಿರು ಸೇರಿ, ಆಡುಗಳು ಬಾಯಿ ಹಾಕದಂತೆ ಹಳೆಯ ಬಲೆಯನ್ನು ಗೋಳಿಯ ಬುಡಕ್ಕೆ ಸುತ್ತಿದರು.

ಮರುವರ್ಷದ ಮಂಜಿನಲ್ಲಿ ಹೊನ್ನಪ್ಪನ ಜೊತೆ ಊರಿನ ದೋಣಿಗಳೆಲ್ಲ ದಿಕ್ಕು ತಪ್ಪಿದವು. ಹುಟ್ಟು ನಿಲ್ಲಿಸಿದಾಗ ಒಂದಲ್ಲ, ಮೂರು ದನಿ ಕೇಳಿದವು. ಮೂರನೆಯದು ಮರಿಯದು, ಇನ್ನೂ ಒಡಕು ದನಿ. ದೋಣಿಗಳೆಲ್ಲ ದಡ ಸೇರಿದವು. ಆ ವಾರವೇ ಊರವರು, ಮುಂದೆ ಗುನಗನೇ ನಿಂತು, ಕುರ್ವೆಯ ಆಡುಗಳನ್ನೆಲ್ಲ ಹೊತ್ತು ತಂದರು ಎನ್ನುತ್ತಾರೆ.

ಆಡುಗಳಿಲ್ಲದಿದ್ದರೂ, ಸಣ್ಣಿಯ ನೆನಪಿಗೆ ಇಂದಿಗೂ ಅಲ್ಲಿ ಎಳೆಯ ಗೋಳಿಗಳ ಬುಡಕ್ಕೆ ಹಳೆಯ ಬಲೆ ಸುತ್ತಿರುವುದನ್ನು ನೀವು ಕಾಣಬಹುದು. ಈಗಿರುವುದು ಇಲಿಗಳ ಭಯ. ಚೀಲದಲ್ಲಿ ಅಡಗಿ ಹೋದ ಒಂದು ಇಲಿ ಸಾಕು, ವರ್ಷದ ಮೊಟ್ಟೆ ಮುಗಿಯಿತು. ಅದಕ್ಕೇ ಇಳಿಯುವ ಮುನ್ನ ಎಲ್ಲರೂ ಚೀಲ ಕೊಡವಿ, ಬರಿಗೈ ತೋರಿಸಬೇಕು. ದಾರಿ ಗೊತ್ತಿದ್ದರೂ ಮಂಜಿನ ದಿನ ನಮ್ಮವರು ಅಲ್ಲಿ ಇಂಜಿನ್ ನಿಲ್ಲಿಸುತ್ತಾರೆ. ಮರದಿಂದ ಹಕ್ಕಿ 'ಹೂಂ' ಎನ್ನುವವರೆಗೆ ಕಾಯುತ್ತಾರೆ.