ಪರಪ್ಪನ ನೀರು

ಬಹಳ ಹಿಂದೆ, ಎಷ್ಟು ಹಿಂದೆ ಅಂತ ಮಾತ್ರ ಕೇಳಬೇಡಿ, ಕರೆಂಟಿನ ಮಗ್ಗ ಬಂದಮೇಲೆ ಅಂತಷ್ಟೇ ಹೇಳಬಲ್ಲೆ, ಒಂದು ನೇಕಾರರ ಊರಿನಲ್ಲಿ ಪರಪ್ಪ ಅನ್ನುವ ಜಾಬರ್ ಇದ್ದನಂತೆ. ಜಾಬರ್ ಅಂದರೆ ಕೆಟ್ಟ ಮಗ್ಗ ರಿಪೇರಿ ಮಾಡುವವ. ಅವನು ಕೈಯಿಟ್ಟರೆ ಮಗ್ಗ ತಾನೇ ಬಾಯಿಬಿಟ್ಟು ನೋವು ಹೇಳುತ್ತಿತ್ತಂತೆ. ಅವನು ಹಾಕಿದ ಗಂಟು ಮೂರು ತಲೆಮಾರು ಬಿಚ್ಚುತ್ತಿರಲಿಲ್ಲವಂತೆ. ಒಂದು ಕಡೆ ನಿಂತ ಆಸಾಮಿಯಲ್ಲ. ಉಣ್ಣಲು ಕೂತರೂ ಕಾಲು ಕುಣಿಯುತ್ತಿತ್ತಂತೆ.

ಅಂಥವನು ಒಮ್ಮೆ ಪ್ಯಾಟೆಯಲ್ಲಿ ನಿಂತು ಆಡುವ ವಿಡಿಯೋ ಗೇಮಿನ ಪೆಟ್ಟಿಗೆ ನೋಡಿದ. ನಮ್ಮ ಓಣಿಗೂ ಒಂದು ಬೇಕು ಅನ್ನಿಸಿತು. ಹಳೇ ಮಗ್ಗದ ಕಟ್ಟಿಗೆ ಕೊಯ್ದು ಎದೆಯೆತ್ತರದ ಪೆಟ್ಟಿಗೆ ಮಾಡಿದ. ಒಳಗೆ ಗುಜರಿಯ ಕಂಪ್ಯೂಟರು, ಮೇಲೆ ಗುಜರಿಯ ಪರದೆ. ಪರದೆಗೆ ಚಿತ್ರ ಕಳಿಸುವ ವಿಡಿಯೋ ಕಾರ್ಡಿಗೆ ಮಾತ್ರ ಸ್ಕ್ರೂ ಇರಲಿಲ್ಲ. ಅದಕ್ಕೇನಂತೆ, ನೂಲಿನಿಂದ ಬಿಗಿದು ಕಟ್ಟಿದ. ಪರಪ್ಪನ ಗಂಟು!

ಓಣಿಗೆ ಓಣಿಯೇ ಸೇರಿತು. ಕಾಯಿ ಒಡೆದರು. ಪರದೆಯ ಮೇಲೆ ಕಾರು ಓಡಿತು, ಜನ ಕೇಕೆ ಹಾಕಿದರು. ಅಷ್ಟರಲ್ಲಿ ಕಾರು ಚೂರುಚೂರಾಗಿ, ಬಣ್ಣದ ಪಟ್ಟೆಗಳಾಗಿ, ಪರದೆ ಕಪ್ಪಾಯಿತು. ಕಂಡಿಕೆಗೆ ನೂಲು ಸುತ್ತುವ ಮುದುಕಿ ತುಂಗವ್ವ ಸುಮ್ಮನಿರುತ್ತಾಳೆಯೇ?

“ಏ ಪರಪ್ಪಾ, ಟಿವ್ಯಾಗೂ ಪಟ್ಟಾಪಟ್ಟಿ ಲುಂಗೀನ ನೇದೀಯಲ್ಲೋ!”

ಎಲ್ಲಿ ಉರಿಯಬೇಕೋ ಅಲ್ಲಿ ಉರಿಯಿತು. ಚಿತ್ರ ನೆಟ್ಟಗೆ ನಿಲ್ಲುವತನಕ ತಾನು ಕೂರುವುದಿಲ್ಲ ಅಂತ ಗುಡಿಯ ಕಡೆ ಕೈಯೆತ್ತಿ ಆಣೆ ಮಾಡಿದನಂತೆ.

ನಿಂತೇ ಉಂಡನಂತೆ. ಗೋಡೆಗೊರಗಿ ನಿಂತೇ ಕಣ್ಣು ಮುಚ್ಚಿದನಂತೆ. ಪರದೆ ಬದಲಿಸಿದ: ಪಟ್ಟೆ. ವೈರು ಬದಲಿಸಿದ: ಪಟ್ಟೆ. ಕಾರ್ಡು ಹೊರಗೆಳೆದು, ಅರಳೆಯ ಧೂಳು ಊದಿ, ಒತ್ತಿ ಕೂರಿಸಿ ಮತ್ತೆ ಕಟ್ಟಿದ: ಚಿತ್ರ ಬಂತು! ಒಂದು ತಾಸು. ಕಾರ್ಡಿನ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಕೂರಿಸಿದ: ಬಂತು! ಒಂದು ತಾಸು. ವಿಭೂತಿ ಹಚ್ಚಿ ಕೂರಿಸಿದ: ಅದೂ ಒಂದು ತಾಸು. ಹನ್ನೊಂದು ದಿನ ಅನ್ನುವವರಿದ್ದಾರೆ, ನಲವತ್ತು ಅನ್ನುವವರೂ ಇದ್ದಾರೆ. ಕಾಲು ಬಾತು ಕುಂಬಳಕಾಯಿಯಾದವು. ಇನ್ನೆರಡು ದಿನ ಹೀಗೇ ನಿಂತರೆ ಕಾಲಿನ ಆಸೆ ಬಿಡಿ ಅಂತ ಡಾಕ್ಟರು ಹೇಳಿಹೋದರಂತೆ.

ಹೆಂಡತಿ ಸಾತವ್ವ ಹೊಳೆದಂಡೆಯ ಊರಿನವಳು. ಮದುವೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಅತ್ತಳು, ಬೈದಳು, ಆಣೆ ಬಿಡಿ ಅಂದಳು. ಅವನು ಕೇಳಲಿಲ್ಲ. ಕೊನೆಗೆ ನೀರಾದರೂ ಕುಡಿಯಲಿ ಅಂತ ಚಂಬು ತಂದು ಪೆಟ್ಟಿಗೆಯ ಮೇಲಿಟ್ಟಳು. ಇಟ್ಟವಳು ನೋಡುತ್ತ ನಿಂತಳು.

“ರೀ, ನೀರು ಕುಣ್ಯಾಕ್ಹತ್ತೇತ್ರಿ.”

“ನೀರಂದ್ರ ಕುಣೀತೈತಿ. ಅದ್ರಾಗೇನೈತಿ?”

“ನಮ್ಮೂರಾಗ ಚಂಬಿನ್ಯಾಗಿನ ನೀರು ಸುಮ್ಮನ ಇರತೈತ್ರಿ.”

ಪರಪ್ಪನ ಕೈ ನಿಂತಿತಂತೆ. ಸುತ್ತ ನಾಲ್ಕು ಶೆಡ್ಡುಗಳಲ್ಲಿ ಮಗ್ಗ ಖಟಾಖಟಾ ಬಡಿಯುತ್ತಿದ್ದವು. ಹುಟ್ಟಿದಾಗಿನಿಂದ ಕೇಳಿದ ಸದ್ದು ಆ ಓಣಿಯವರಿಗೆ ಸದ್ದೇ ಅಲ್ಲ, ನಡುಗುವ ನೆಲ ನಡುಕವೇ ಅಲ್ಲ. ಕರೆಂಟಿದ್ದರೆ ಮಗ್ಗವೂ ಇತ್ತು, ಆಟವೂ ಇತ್ತು. ಹೋದರೆ ಎರಡೂ ಇಲ್ಲ. ಗೊತ್ತಾಗುವುದಾದರೂ ಹೇಗೆ?

ಸಾತವ್ವ ಸೆರಗು ಸಿಕ್ಕಿಸಿ ನಾಲ್ಕೂ ಶೆಡ್ಡಿಗೆ ಹೋಗಿ, ಎರಡು ತಾಸು ಮಗ್ಗ ನಿಲ್ಲಿಸಿ ಅಂತ ಬೇಡಿಕೊಂಡಳು. ಮಗ್ಗ ನಿಂತವು. ಆ ಮೌನಕ್ಕೆ ತೊಟ್ಟಿಲ ಕೂಸುಗಳು ಬೆದರಿ ಅತ್ತವಂತೆ. ಚಂಬಿನ ನೀರು ನಿಂತಿತು. ಪರಪ್ಪ ಕಾರ್ಡು ಒತ್ತಿ ಕೂರಿಸಿದ. ಒಂದು ತಾಸಾಯಿತು, ಎರಡಾಯಿತು, ಕಾರು ಓಡುತ್ತಲೇ ಇತ್ತು.

ಮಗ್ಗ ಮತ್ತೆ ಶುರುವಾಗಿ ಪಟ್ಟೆ ಬಂದಾಗ ದೀಪ ಹಿಡಿದು ನೋಡಿದ. ಗಂಟು ಹಾಕಿದಂತೆಯೇ ಇತ್ತು. ನಡುಕಕ್ಕೆ ನೂಲು ಜಗ್ಗಿ ಸಡಿಲಾಗಿತ್ತು, ಕಾರ್ಡು ಅಕ್ಕಿಕಾಳಿನಷ್ಟು ಮೇಲೆದ್ದಿತ್ತು. ಅಷ್ಟು ದಿನ ವಾಸಿ ಮಾಡಿದ್ದು ರಬ್ಬರೂ ಅಲ್ಲ, ವಿಭೂತಿಯೂ ಅಲ್ಲ, ಒತ್ತಿ ಕೂರಿಸಿದ ಹೆಬ್ಬೆರಳು. ತನ್ನ ಗಂಟನ್ನು ತಾನೇ ಕತ್ತರಿಸಿದ. ಸ್ಕ್ರೂ ಹುಡುಕಿ ತಂದು ಬಿಗಿದ, ಪೆಟ್ಟಿಗೆಯ ಕಾಲಡಿ ಟಯರಿನ ತುಂಡು ಇಟ್ಟ. ಮಗ್ಗ ಬಡಿದವು, ಕಾರು ಓಡಿತು. ಮೊಣಕಾಲು ಮಡಚಲು ಬಾರದ ಪರಪ್ಪನನ್ನು ನಾಲ್ವರು ಹಿಡಿದು ಕೂರಿಸಿದರಂತೆ. ಕೂತವನ ಕಾಲು ಅವತ್ತು ಕುಣಿಯಲಿಲ್ಲವಂತೆ.

ಇವತ್ತಿಗೂ ಆ ಓಣಿಯಲ್ಲಿ ಟಿವಿ ಕೆಡಲಿ, ಮಿಕ್ಸರ್ ಕೆಡಲಿ, ಬಿಚ್ಚುವ ಮೊದಲು ಅದರ ಮೇಲೊಂದು ಚಂಬು ನೀರು ಇಟ್ಟು ನೋಡುತ್ತಾರೆ. ಪರಪ್ಪನ ನೀರು ಅನ್ನುತ್ತಾರೆ ಅದಕ್ಕೆ. ಸಾತವ್ವನ ನೀರು ಅಂದವರನ್ನು ನಾನು ಕಂಡಿಲ್ಲ. ಆದರೆ ಅದನ್ನು ತಂದಿಡುವವಳು ಮಾತ್ರ ಬೇರೆ ಊರಿನಿಂದ ಬಂದ ಸೊಸೆಯೇ ಆಗಬೇಕು. ಊರಿನ ಮಗಳು ಇಟ್ಟರೆ ನಡೆಯುವುದಿಲ್ಲ.