ಚಿರತೆಗೆ ಹೆದರಿದ ರೈತ

"ಗುರುಗಳೇ, ಈ ಜೀರುಂಡೆಗಳ ಕಾಟದಲ್ಲಿ ಧ್ಯಾನಕ್ಕೆ ಕೂರಲು ಆಗುತ್ತಿಲ್ಲ. ಕಾಡಿನಲ್ಲಿ ಇಷ್ಟೊಂದು ಬಗೆಯ ಹುಳಹುಪ್ಪಟೆ, ಹಕ್ಕಿಪಕ್ಷಿ ಯಾಕಿರಬೇಕು? ಒಂದಷ್ಟು ಇಲ್ಲವಾದರೆ ನಮ್ಮ ಗಂಟೇನು ಹೋಗುತ್ತದೆ?" ಎಂದು ಶಿಷ್ಯ ಕೇಳಿದ.

"ನಿನ್ನ ಧ್ಯಾನ ಕೆಡಲು ಜೀರುಂಡೆಯೇ ಬೇಕೇ? ಅಡುಗೆಮನೆಯ ಒಗ್ಗರಣೆ ಸಾಲದೇ?" ಎಂದು ಗುರುಗಳು ನಕ್ಕರು. ಆಮೇಲೆ ನಗು ನಿಲ್ಲಿಸಿ ಕತೆ ಹೇಳತೊಡಗಿದರು.

ದಟ್ಟ ಕಾಡಿನ ಅಂಚಿನಲ್ಲಿ ಒಬ್ಬ ರೈತನಿದ್ದ. ಅವನಿಗೆ ಒಬ್ಬಳೇ ಮಗಳು, ಆಗಷ್ಟೇ ನಡೆಯಲು ಕಲಿತವಳು. ಆ ಕಾಡಿನಲ್ಲಿ ಒಂದು ಚಿರತೆ ಇತ್ತು. ಆದರೆ ಅದು ಬರುವ ಸುದ್ದಿ ಅದಕ್ಕಿಂತ ಮೊದಲೇ ಮನೆ ಮುಟ್ಟುತ್ತಿತ್ತು. ಮರದ ತುದಿಯಲ್ಲಿ ಮುಸುವ ಕೋತಿ ಕೆಮ್ಮಿದರೆ ಚಿರತೆ ಗುಡ್ಡ ಇಳಿಯುತ್ತಿದೆ ಎಂದರ್ಥ. ಕಾಡುಕೋಳಿ ಕಿರುಚಿ ಹಾರಿದರೆ ಹಳ್ಳ ದಾಟಿದೆ. ಜೀರುಂಡೆಗಳು ತಟ್ಟನೆ ಸುಮ್ಮನಾದರೆ ಬೇಲಿಯ ಹತ್ತಿರವೇ ಇದೆ. ಅಷ್ಟರೊಳಗೆ ಮಗು ಒಳಗಿರುತ್ತಿತ್ತು, ಬಾಗಿಲಿಗೆ ಅಗುಳಿ ಬಿದ್ದಿರುತ್ತಿತ್ತು.

ಒಂದು ಸಂಜೆ ಮಗುವನ್ನು ಎತ್ತಿಕೊಂಡು ಒಳಗೆ ಓಡುವ ಗಡಿಬಿಡಿಯಲ್ಲಿ ಗಂಡ ಹೆಂಡತಿ ಅಂಗಳದಲ್ಲಿದ್ದ ಮನೆಯ ನಾಯಿಯನ್ನು ಕರೆಯಲು ಮರೆತರು. ಚಿರತೆ ಅದನ್ನು ಹೊತ್ತೊಯ್ದಿತು. ರೈತನ ಜೀವ ಬಾಯಿಗೆ ಬಂತು. ಇವತ್ತು ನಾಯಿ, ನಾಳೆ ಮಗಳು ಎಂದುಕೊಂಡು ಕೊಡಲಿ ಎತ್ತಿಕೊಂಡ.

"ಕಾಡು ಕಡಿದ್ರೆ ಅದು ಎಲ್ಲಿಗೆ ಹೋಗ್ಬೇಕು?" ಎಂದಳು ಹೆಂಡತಿ.

"ಎಲ್ಲಿಗಾದ್ರೂ ಹಾಳಾಗಿ ಹೋಗ್ಲಿ. ಮಗು ಉಳಿದ್ರೆ ಸಾಕು" ಎಂದ.

ಗುಡ್ಡದವರೆಗೂ ಕಡಿದ, ಸುಟ್ಟ. ಮುಸುವಗಳು ಬೇರೆ ಕಡೆ ಹೋದವು. ಕಾಡುಕೋಳಿಗೆ ಅಡಗಲು ಪೊದೆ ಉಳಿಯಲಿಲ್ಲ, ಜೀರುಂಡೆಗೆ ಕೂರಲು ಮರ ಉಳಿಯಲಿಲ್ಲ. ಬಯಲಾದ ನೆಲ ನೋಡಿ ರೈತ ನಿಟ್ಟುಸಿರು ಬಿಟ್ಟು ಹಾಯಾಗಿ ಮಲಗಿದ.

ಕೆಲವು ದಿನ ಕಳೆದು, ಒಂದು ಬೆಳಗ್ಗೆ ಬಾಗಿಲು ತೆರೆದರೆ ಹೊಸ್ತಿಲ ಪಕ್ಕದ ಮಣ್ಣಿನಲ್ಲಿ ಚಿರತೆಯ ಹೆಜ್ಜೆ. ಜಿಂಕೆ, ಮೊಲ ಸಿಗದೆ ಹಸಿದ ಪ್ರಾಣಿ ಬಾಗಿಲವರೆಗೆ ಬಂದು ಹೋಗಿತ್ತು. ಯಾರೂ ಸುಳಿವು ಕೊಟ್ಟಿರಲಿಲ್ಲ. ಅಂದಿನಿಂದ ಅವನಿಗೆ ಅನ್ನ ಸೇರಲಿಲ್ಲ. ಮೊದಲು ಚಿರತೆ ಬಂದಾಗ ಮಾತ್ರ ಹೆದರುತ್ತಿದ್ದವನಿಗೆ ಈಗ ಹಗಲಿರುಳೂ ಹೆದರಿಕೆ. ಹೊರಗೆ ಹೋಗದಿರಲೆಂದು ಮಗಳನ್ನು ಹಳೆಯ ಸೀರೆಯಿಂದ ಕಂಬಕ್ಕೆ ಕಟ್ಟಿದ. ಬಾಗಿಲಿನ ಸಂದಿಗೆ ಕಿವಿಯಿಟ್ಟು ಕೂತ. ಹೊರಗೆ ಏನೂ ಕೇಳಿಸಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಹತ್ತಿರ ಸರಿದ. "ಆಗ ಚಿರತೆ ಹೊರಗಿತ್ತೇ ಗುರುಗಳೇ?" ಎಂದು ಮೆಲ್ಲಗೆ ಕೇಳಿದ.

"ಅದನ್ನು ಹೇಳಬೇಕಾದವರನ್ನೆಲ್ಲ ಅವನೇ ಇಲ್ಲವಾಗಿಸಿದ್ದನಲ್ಲಪ್ಪ" ಎಂದರು ಗುರುಗಳು.